ತಾಳಬೆಟ್ಟ ಹತ್ತುವ ಜೀಪಿಗೆ ಯಾವ ಸ್ಪ್ರಿಂಗು?

ಮಾತಾಡುತ್ತಿರುವವರು ಇಬ್ಬರು. ಒಬ್ಬರು ಕೊಳ್ಳೇಗಾಲದಲ್ಲಿ ಜೀಪು, ಟೆಂಪೊಗಳ ಕೆಳಗೆ ಮಲಗಿಯೇ ತಲೆ ನರೆತ ಮೇಸ್ತ್ರಿ. ಇನ್ನೊಬ್ಬ ಅವರ ಅಕ್ಕನ ಮಗ, ಹನೂರು ತಾಲ್ಲೂಕಿನ ರಾಮಾಪುರದ ಕಡೆಯವನು. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದುವಾಗ ಬಾಹಾ ಸ್ಪರ್ಧೆಗೆಂದು ಗೆಳೆಯರ ಜೊತೆ ಸೇರಿ ಸಣ್ಣ ಗಾಡಿ ಕಟ್ಟಿದವನು. ಈಗ ಹಳೆಯ ಮಹೀಂದ್ರ ಎಂಎಂ 540 ಒಂದನ್ನು ತಂದು ಛಾಸಿಯಿಂದ ಮೇಲಕ್ಕೆ ಹೊಸದಾಗಿ ಕಟ್ಟಿಸುತ್ತಿದ್ದಾನೆ. ಬಾಡಿ ಮುಗಿದಿದೆ, ಪೇಂಟು ಬಾಕಿ. ತಕರಾರು ಹುಟ್ಟಿದ್ದು ಶಾಕ್ ಅಬ್ಸಾರ್ಬರ್ ವಿಷಯಕ್ಕೆ.

— ಮಾವ, ಶಾಕ್ ಆರ್ಡರ್ ಮಾಡ್ತಾ ಇದ್ದೀನಿ. ಎಂಟು ಹಂತಕ್ಕೆ ತಿರುಗಿಸಿ ಬಿಗಿ-ಸಡಿಲ ಮಾಡೋ ಥರದ್ದು. ಅದು ಬಂದ ಮೇಲೆ ಸ್ಪ್ರಿಂಗನ್ನ ಅದಕ್ಕೆ ಹೊಂದಿಸ್ಕೊಂಡ್ರೆ ಆಯ್ತು.

— ದುಡ್ಡು ಕಟ್ಟಿಲ್ಲ ತಾನೆ? ಹಂಗಾರ ಈಗ ಬುಡು. ನಿನ್ನ ಗಾಡಿ ಎಷ್ಟು ತೂಕ ಅದ ಹೇಳು ನೋಡಾವ.

— ಕಂಪನಿ ಪುಸ್ತಕದಲ್ಲಿ ಕೊಟ್ಟಿದ್ದಾರಲ್ಲ.

— ಕಂಪನಿ ಪುಸ್ತಕ ಕಂಪನಿ ಕಟ್ಟಿದ್ ಗಾಡಿಗ. ನೀನು ಹಳೇ ಬಾಡಿ ಕಿತ್ತೆಸ್ದು ದಪ್ಪ ತಗಡು ಹಾಕ್ಸಿದ್ದೀಯ. ಮ್ಯಾಲ ಪೈಪು ಬಗ್ಸಿ ಕೇಜು ಅಂತ ಬೆಸುಗೆ ಹೊಡ್ಸಿದ್ದೀಯ. ಮುಂದ ಕಬ್ಬಿಣದ ಬಂಪರ್ರು, ಹಿಂದ ಎಲ್ಡು ಸ್ಟೆಪ್ನಿ. ಅದು ಈಗ ಯಾವ ಪುಸ್ತಕದಲ್ಲೂ ಇಲ್ದಿರೋ ಗಾಡಿ. ತೂಕ ಗೊತ್ತಿಲ್ದ ಸ್ಪ್ರಿಂಗು ಬರಲ್ಲ, ಸ್ಪ್ರಿಂಗು ಗೊತ್ತಿಲ್ದ ಶಾಕು ಬರಲ್ಲ. ನೀನು ಬಾಲದಿಂದ ಶುರು ಮಾಡಿದ್ದೀಯ.

— ಸರಿ, ತೂಕ ಎಲ್ಲಿ ಹಾಕಿಸೋದು? ಕಾಲೇಜಲ್ಲಾದ್ರೆ ನಾಲ್ಕು ಚಕ್ರಕ್ಕೂ ನಾಲ್ಕು ತಕ್ಕಡಿ ಇಟ್ಟು ನೋಡ್ತಿದ್ವಿ.

— ವೇ ಬ್ರಿಡ್ಜ್ ಇಲ್ವಾ? ಕಲ್ಲು ಲಾರಿ, ಕಬ್ಬಿನ ಲಾರಿ ತೂಗೋ ಕಡ ಹೋಗು. ಮೊದ್ಲು ಮುಂದಿನ ಎಲ್ಡು ಚಕ್ರ ಮಾತ್ರ ಹತ್ಸಿ ಒಂದು ಚೀಟಿ ತಕ್ಕ. ಆಮ್ಯಾಲ ಇಡೀ ಗಾಡಿ ಹತ್ಸಿ ಇನ್ನೊಂದು. ಕಳದ್ರ ಹಿಂದಿಂದು ಸಿಕ್ತದ. ಟ್ಯಾಂಕಿಲಿ ಡೀಸೆಲ್ ತುಂಬಿರ್ಲಿ, ಸೀಟಲ್ಲಿ ನೀನು ಕುಂತಿರು. ನೆಲ ಮಟ್ಟವಾಗಿರ್ಬೇಕು, ಬ್ರೇಕ್ ಹಿಡ್ಕಂಡಿರ್ಬ್ಯಾಡ. ಆ ಕಾಟ ಐದತ್ತು ಕೆಜಿ ಆಕಡ ಈಕಡ ಹೇಳ್ತದ, ಜೀಪಿಗ ಅಷ್ಟು ಸಾಕು.

— ಆಮೇಲೆ ತುಂಬಿದ ತೂಕವೂ ಬೇಕಲ್ಲ.

— ಅದೇ ಮುಖ್ಯ ಕನ. ಈ ಗಾಡಿಲಿ ನೀನು ಏನ್ ಮಾಡ್ತಿಯಾ ಅಂತ ನಿನ್ನನ್ನ ನೀನೇ ಕೇಳ್ಕ. ಫೋಟೊ ತೆಗಿಯಕಾ, ಕೆಲ್ಸಕ್ಕಾ?

— ಎರಡಕ್ಕೂ. ವಾರಕ್ಕೊಂದು ಸಲ ಕೊಳ್ಳೇಗಾಲ. ಅರಿಶಿನ, ರಾಗಿ ಮೂಟೆ ಹಾಕ್ತೀವಿ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಮನೆಯವರೆಲ್ಲ. ಪೊನ್ನಾಚಿ ಕಡೆ ನೆಂಟರಿದ್ದಾರೆ. ಯಾವಾಗಲಾದ್ರೂ ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟ.

— ನೋಡು, ಅಲ್ಲೇ ನಾಲ್ಕು ಥರದ ದಾರಿ ಬಂತು. ಕೊಳ್ಳೇಗಾಲದ ಹೈವೇ ಒಂದು. ಮಾದಪ್ಪನ ಬೆಟ್ಟಕ್ಕ ತಾಳಬೆಟ್ಟದಿಂದ ಮ್ಯಾಲ ಡಾಂಬರಿದ್ರೂ ತಿರುವು, ಏರು, ಇಳಿಜಾರು. ಪೊನ್ನಾಚಿ ಕಡ ಕಲ್ಲು, ಕೊರಕಲು. ಬಿಳಿಗಿರಿರಂಗನ ಬೆಟ್ಟಕ್ಕ ಗುಂಬಳ್ಳಿ ಚೆಕ್‌ಪೋಸ್ಟ್ ದಾಟುದ್ರ ಕಾಡಿನ ರಸ್ತ, ಪ್ರಾಣಿ ಓಡಾಡ್ತವ ಅಂತ ಹಂಪಿನ ಮ್ಯಾಲ ಹಂಪು. ಒಂದೇ ಸ್ಪ್ರಿಂಗು ಈ ನಾಲ್ಕಕ್ಕೂ ಚಂದಾಗಿರಲ್ಲ. ಯಾವುದಕ್ಕ ಜಾಸ್ತಿ ಬೇಕೋ ಅದ್ಕ ಮಾಡ್ಸು, ಉಳ್ದದ್ದ ಸಹಿಸ್ಕ. ಮಾದಪ್ಪ ಹುಲಿ ಏರ್ಕಂಡು ತಿರುಗ್ದೋನು, ಅವನ್ಗ ಈ ತಲನೋವು ಇರ್ಲಿಲ್ಲ.

— ನಾನು ಅಂದ್ಕೊಂಡಿದ್ದು ಈಗಿರೋ ಪ್ಲೇಟ್ ಸ್ಪ್ರಿಂಗನ್ನೇ ಪೂರ್ತಿ ಕಿತ್ತುಹಾಕಿ ಕಾಯಿಲ್ ಸ್ಪ್ರಿಂಗ್ ಕೂರಿಸೋದು. 2010ರ ಥಾರ್‌ನಲ್ಲಿ ಮುಂದೆ ಟಾರ್ಷನ್ ಬಾರ್, ಹಿಂದೆ ಪ್ಲೇಟು ಇತ್ತು. 2020ರದ್ದು ಬಂದಾಗ ನಾಲ್ಕೂ ಕಡೆ ಕಾಯಿಲ್. ಕೂತು ನೋಡಿದ್ರೆ ಭೂಮಿ ಆಕಾಶ ವ್ಯತ್ಯಾಸ.

— ಇಲ್ಲ ಅಂತ ಹೇಳ್ದವ್ರು ಯಾರು? ಆದ್ರ ಅವ್ರು ಬರೀ ಕಾಯಿಲ್ ಹಾಕ್ಲಿಲ್ಲ, ಗಾಡಿನೇ ಅದ್ಕ ತಕ್ಕಂಗ ಬರ್ದು ಮಾಡುದ್ರು. ಕಾಯಿಲ್ಗ ಬರೋದು ಒಂದೇ ಕೆಲ್ಸ, ಭಾರ ಹೊರದು. ಪ್ಲೇಟು ಭಾರನೂ ಹೊರ್ತದ, ಆಕ್ಸಲ್ ಹಿಂದಕ್ಕ ಮುಂದಕ್ಕ ಪಕ್ಕಕ್ಕ ಜರುಗ್ದಂಗ ಹಿಡ್ಕತ್ತದ, ಬ್ರೇಕ್ ಹೊಡ್ದಾಗ ಆಕ್ಸಲ್ ತಿರುಚ್ದಂಗ ತಡಿತದ. ಪ್ಲೇಟಿಗ ಪ್ಲೇಟು ಉಜ್ಜಿ ಕುಣಿತಾನೂ ಒಂದಷ್ಟು ಸಾಯಿಸ್ತದ. ಅದ ಕಿತ್ತಾಕುದ್ರ ಇಷ್ಟೂ ಕೆಲ್ಸಕ್ಕ ಬ್ಯಾರೆ ಬ್ಯಾರೆ ಆಳು ಇಡ್ಬೇಕು.

— ಗೊತ್ತು. ಉದ್ದಕ್ಕೆ ನಾಲ್ಕು ಲಿಂಕು, ಅಡ್ಡಕ್ಕೆ ಪ್ಯಾನ್‌ಹಾರ್ಡ್ ರಾಡು. ಬ್ರಾಕೆಟ್ಟು ಛಾಸಿಗೆ ಬೆಸೆದ್ರೆ ಮುಗೀತು. ಡ್ರಾಯಿಂಗ್ ನಾನೇ ಮಾಡ್ತೀನಿ.

— ಡ್ರಾಯಿಂಗ್ ಸರಿಯಾಗೇ ಇರ್ತದ, ನಿನ್ನ ಓದ ನಾನು ಅನುಮಾನಿಸಲ್ಲ. ಬೆಸುಗ ಹಾಕೋನ್ ಯಾರು? ಹಳೇ ಛಾಸಿ, ಒಳಗ ತುಕ್ಕು ಎಷ್ಟದ ಅಂತ ಕಾಣಲ್ಲ. ಒಂದು ಬ್ರಾಕೆಟ್ಟು ಸೊಟ್ಟ ಕುಂತ್ರ ಆಕ್ಸಲ್ಲೇ ಸೊಟ್ಟ. ತಾಳಬೆಟ್ಟದ ಇಳಿಜಾರಿಲಿ ಆ ಬೆಸುಗ ಬುಟ್ಕಂಡ್ರ ಆಕ್ಸಲ್ ಒಂದು ಕಡ, ನೀನೊಂದು ಕಡ. ಅದೇ ಪ್ಲೇಟು ಮುರುದ್ರ? ಮರದ ತುಂಡು ಒತ್ತಿ ಇಟ್ಟು ಸರಪಳಿ ಬಿಗ್ದು ಕೌದಳ್ಳಿಗಂಟ ಉರುಳಿಸ್ಕಂಡು ಬಂದ ಡ್ರೈವರ್‌ಗಳು ನಮ್ಮ ಕಡ ಬೇಕಾದಷ್ಟು ಜನ ಅವ್ರ. ಅಲ್ಲಿ ಸಿಗೋದು ಪ್ಲೇಟು ಸೇರ್ಸೋ ಕಮ್ಮಾರ, ಸಿಗ್ದೇ ಇರೋದು ನಿನ್ನ ಲಿಂಕಿನ ಬುಷ್ಷು.

— ಅದು ಒಪ್ಪಬೇಕಾದ ಮಾತೇ. ಇನ್ನೊಂದು, ಕಾನೂನು. ಪಂಜಾಬ್-ಹರಿಯಾಣ ಗಡಿಯ ಮಂಡಿ ಡಬ್ವಾಲಿಯಲ್ಲಿ ಹೇಳಿದ ಹಾಗೆ ಜೀಪು ಕಟ್ಟಿಕೊಡ್ತಾರೆ. ಅಲ್ಲಿಂದಲೇ ತರಿಸೋಣ ಅಂತ ಮೊದಲು ಇತ್ತು. ಆಮೇಲೆ ನೋಡಿದ್ರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಆರ್‌ಸಿಯಲ್ಲಿರೋ ವಿವರ ತಯಾರಕರು ಮೊದಲು ಕೊಟ್ಟದ್ದಕ್ಕಿಂತ ಬೇರೆಯಾಗೋ ಹಾಗೆ ಮಾಲೀಕ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಕೇಸೊಂದರಲ್ಲಿ ಅದನ್ನೇ ಗಟ್ಟಿ ಮಾಡ್ತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ.

— ಚಾಮರಾಜನಗರದ ಕೆಎ-10 ಆಫೀಸಿಗ ಎಫ್‌ಸಿಗ ಹೋಗ್ಬೇಕಾದವ ನೀನು. ಹದಿನೈದು ವರ್ಷ ಆದ ಗಾಡಿಗ ಐದೈದು ವರ್ಷಕ್ಕೂ ಹೋಗ್ಲೇಬೇಕು. ಕಂಪನಿ ಕೊಟ್ಟ ಜಾಗದಲ್ಲೇ, ಅದೇ ಥರದ ಹೊಸ ಪ್ಲೇಟು, ಹೊಸ ಶಾಕು ಹಾಕಿದ್ರ ಅದು ರಿಪೇರಿ. ಛಾಸಿ ಕೊಯ್ದು ಕಾಯಿಲ್ ಕೂರ್ಸಕ ಗೋಪುರ ಬೆಸುದ್ರ ಅದು ಬ್ಯಾರೆ ಗಾಡಿ. ಆ ನಿನ್ನ ಬಂಪರ್ರೂ ಬಿಚ್ಚು ಮೊದ್ಲು, ನಲ್ವತ್ತು ಕೆಜಿ ಉಳಿತದ.

— ಬಂಪರ್ ವಿಷಯ ಆಮೇಲೆ. ಕಾಯಿಲ್ ಕೈಬಿಟ್ಟೆ, ಪ್ಲೇಟೇ ಇರಲಿ. ಆದ್ರೆ ಎಷ್ಟು ಗಟ್ಟಿ ಇರಬೇಕು ಅನ್ನೋದನ್ನ ನಾನು ಲೆಕ್ಕ ಹಾಕೇ ಹೇಳ್ತೀನಿ, ನೀವು ಸಿಟ್ಟಾಗಬಾರದು.

— ಹಾಕು. ಲೆಕ್ಕಕ್ಕ ಯಾಕ ಸಿಟ್ಟು?

— ಸ್ಪ್ರಿಂಗ್ ಮೇಲೆ ಕೂತ ಗಾಡಿಯನ್ನ ಒತ್ತಿ ಬಿಟ್ರೆ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತೆ ಅನ್ನೋದೇ ಎಲ್ಲಕ್ಕೂ ಬುಡ. ಅದನ್ನ ಹರ್ಟ್ಜ್ ಅಂತೀವಿ. ಹಾಯಾಗಿರೋ ಕಾರುಗಳಲ್ಲಿ ಅದು 1ರಿಂದ 1.5ರ ಒಳಗೆ. ನಾವು ನಡೆಯುವಾಗ ಮೈ ಏರಿಳಿಯೋದೂ ಹೆಚ್ಚುಕಡಿಮೆ ಆ ಆಸುಪಾಸಿನಲ್ಲೇ, ಅದಕ್ಕೇ ದೇಹ ಅದನ್ನ ಸಹಿಸುತ್ತೆ. 2 ದಾಟಿದ್ರೆ ಬೆನ್ನಿಗೆ ಗೊತ್ತಾಗುತ್ತೆ. ರೇಸಿನ ಗಾಡಿಗಳಲ್ಲಿ ಇನ್ನೂ ಜಾಸ್ತಿ, ಅವರಿಗೆ ಬೆನ್ನಿನ ಚಿಂತೆ ಇಲ್ಲ.

— ಅದು ನಮ್ಗ ಹೆಂಗ ಕಾಣ್ತದ? ಸೆಕೆಂಡು ಎಣಿಸ್ಕಂಡು ಕುಂತ್ಕಳದಾ?

— ಬೇಕಿಲ್ಲ. ಭಾರ ಬಿದ್ದಾಗ ಸ್ಪ್ರಿಂಗ್ ಎಷ್ಟು ಇಳಿದು ಕೂರುತ್ತೆ ಅನ್ನೋದರಲ್ಲೇ ಅದು ಇದೆ. ತನ್ನ ಭಾರಕ್ಕೆ 250 ಮಿ.ಮೀ. ಇಳಿದ್ರೆ 1 ಹರ್ಟ್ಜ್. 110 ಇಳಿದ್ರೆ 1.5. ಬರೀ 62 ಇಳಿದ್ರೆ 2. ಇಳಿತ ಕಡಿಮೆ ಆದಷ್ಟೂ ಕುಣಿತ ಚುರುಕು.

— ಅದ ನಾವು ಕಮಾನು ನೋಡಿ ಹೇಳ್ತಿದ್ದೊ, ನೀನು ಮಿಲಿಮೀಟರಲ್ಲಿ ಹೇಳ್ತಿದ್ದೀಯ. ಮುಂದಕ್ಕ ಹೇಳು.

— ಮುಂದಿನ ಎರಡು ಚಕ್ರದ ಮೇಲೆ 700 ಕೆಜಿ ಬಂತು ಅಂತ ಇಟ್ಕೊಳ್ಳಿ. ಒಂದು ಕಡೆಗೆ 350. ಅದರಲ್ಲಿ ಆಕ್ಸಲ್, ಚಕ್ರ, ಹಬ್ಬು ಇವೆಲ್ಲ ಸ್ಪ್ರಿಂಗಿನ ಕೆಳಗಿನವು, ಸ್ಪ್ರಿಂಗ್ ಅವನ್ನ ಹೊರಲ್ಲ. ಅದಕ್ಕೆ 80 ಕಳೆದ್ರೆ 270. 1.5 ಹರ್ಟ್ಜ್ ಬೇಕು ಅಂದ್ರೆ ಸ್ಪ್ರಿಂಗ್ ಒಂದೊಂದು ಮಿ.ಮೀ. ಇಳಿಯೋಕೆ ಸುಮಾರು ಎರಡೂವರೆ ಕೆಜಿ ಬೇಕಾಗೋ ಅಷ್ಟು ಗಟ್ಟಿ ಇರಬೇಕು. ಮುಂದಿನದು ಸುಲಭ, ಖಾಲಿ ಇದ್ದರೂ ತುಂಬಿದರೂ ಮುಂದೆ ತೂಕ ಹೆಚ್ಚು ಬದಲಾಗಲ್ಲ. ಕಷ್ಟ ಇರೋದು ಹಿಂದೆ.

— ಹಿಂದಿಂದು ಯಾವಾಗ್ಲೂ ಕಷ್ಟನೆ. ಜಾತ್ರಲಿ ಹನ್ನೆರಡು ಜನ, ಮಾರ್ನೇ ದಿನ ಒಬ್ನೇ.

— ಅದೇ. ಖಾಲಿ ಇದ್ದಾಗ ಹಿಂದಿನ ಒಂದೊಂದು ಸ್ಪ್ರಿಂಗಿಗೆ 215 ಕೆಜಿ ಬೀಳುತ್ತೆ, ಮೂಟೆ ಹಾಕಿ ಜನ ಕೂತಾಗ 390 ಆಗುತ್ತೆ ಅಂತ ಇಟ್ಕೊಳ್ಳಿ. ಖಾಲಿ ಗಾಡಿಗೆ ಹಾಯಾಗಿರಲಿ ಅಂತ 1.5ಕ್ಕೆ ಮಾಡಿಸಿದ್ರೆ, ಭಾರ ಹಾಕಿದಾಗ 90 ಮಿ.ಮೀ. ಕುಸಿಯುತ್ತೆ. ಆಕ್ಸಲ್ಲನ್ನ ತಡೆಯೋ ಬಂಪ್ ಸ್ಟಾಪ್‌ಗೆ ಹೋಗಿ ಕೂತ್ಕೊಂಡುಬಿಡುತ್ತೆ, ಆಮೇಲೆ ಸ್ಪ್ರಿಂಗೇ ಇಲ್ಲದ ಹಾಗೆ. ತುಂಬಿದ ಗಾಡಿಗೆ 1.6 ಇರಲಿ ಅಂತ ಮಾಡಿಸಿದ್ರೆ ಕುಸಿತ 44ಕ್ಕೆ ನಿಲ್ಲುತ್ತೆ, ಆದ್ರೆ ಖಾಲಿ ಓಡಿಸುವಾಗ ಅದು 2.1 ದಾಟುತ್ತೆ. ಹಂಪಿನ ಮೇಲೆ ಗಾಡಿಯ ಹಿಂಭಾಗ ಎಗರುತ್ತೆ.

— ಅದ್ಕೇ ಅಲ್ವಾ ಹೆಲ್ಪರ್ ಪ್ಲೇಟು ಅಂತ ಇರೋದು? ಮ್ಯಾಲಿನ ಕಟ್ಟು ಮೆತ್ತಗಿರ್ತದ, ಕೆಳಗಡ ನೆಟ್ಟಗಿರೋ ಒಂದೆಲ್ಡು ದಪ್ಪ ಪ್ಲೇಟು ಸುಮ್ನ ಇರ್ತವ. ಭಾರ ಬಿದ್ದು ಮ್ಯಾಲಿನದು ಇಳ್ದಾಗ ಅವಕ್ಕ ತಾಗ್ತದ. ಆಗ ಅವೂ ಕೆಲ್ಸಕ್ಕ ಬತ್ತವ. ಪಿಕಪ್ ಗಾಡಿಗಳ ಕೆಳಗ ಬಗ್ಗಿ ನೋಡು.

— ಹೌದು, ಅದು ಬೇಕೇಬೇಕು. ನಾನು ಅದನ್ನೇ ಹೇಳೋಕೆ ಬಂದೆ. ಆದ್ರೆ ನೀವು ಸಾಮಾನ್ಯವಾಗಿ ಮಾಡೋ ಒಂದು ಕೆಲಸಕ್ಕೆ ನನ್ನ ವಿರೋಧ ಇದೆ ಮಾವ.

— ಏನದು?

— ಗಾಡಿ ಗಡುಸು ಅಂತ ಯಾರಾದ್ರೂ ಬಂದ್ರೆ ಎರಡು ಪ್ಲೇಟು ತೆಗೆದು ಕಳಿಸ್ತೀರಲ್ಲ, ಅದು. ಒಂದೇ ದಪ್ಪದ ಎಂಟು ಪ್ಲೇಟಲ್ಲಿ ಎರಡು ತೆಗೆದ್ರೆ ಗಡುಸು ಕಾಲು ಭಾಗ ಕಮ್ಮಿ ಆಗುತ್ತೆ, ನಿಜ. ಉಳಿದ ಆರರ ಮೇಲೆ ಬೀಳೋ ಒತ್ತಡ ಮೂರನೇ ಒಂದು ಭಾಗ ಜಾಸ್ತಿಯೂ ಆಗುತ್ತೆ. ಅದಕ್ಕೇ ಆರು ತಿಂಗಳಲ್ಲಿ ಮೇನ್ ಪ್ಲೇಟು ಸೆಂಟರ್ ಬೋಲ್ಟಿನ ತೂತಿನ ಹತ್ತಿರ ಬಿರುಕು ಬಿಡೋದು.

— ಬಿಡ್ತದ. ಸುಳ್ಳು ಹೇಳಲ್ಲ. ಆದ್ರ ಎಲ್ಲಾರ್ಗು ಹೊಸ ಸೆಟ್ಟು ಹಾಕ್ಸಕ ಶಕ್ತಿ ಇರಲ್ಲ ಕನಪ್ಪ. ಎಲ್ಡು ಪ್ಲೇಟು ತಗುದ್ರ ಕೂಲಿ ಮಾತ್ರ ತಾನೆ. ಇನ್ನ ಕೆಲವ್ರು ಕಮಾನು ಎತ್ಸದು ಅಂತ ಗ್ಯಾಸಲ್ಲಿ ಕೆಂಪಗ ಕಾಯ್ಸಿ ಬಡಿತಾರ, ಅದು ಅದ್ಕಿಂತ ತಪ್ಪು. ಕಾಯ್ಸಿ ಹಂಗೇ ಆರಾಕುದ್ರ ಸ್ಪ್ರಿಂಗ್ ಉಕ್ಕಿನ ಹದ ಹೋಯ್ತದ. ನಾಲ್ಕು ದಿನ ಎದ್ದಿರ್ತದ, ಆಮ್ಯಾಲ ಹಪ್ಪಳ. ನಾನು ತಣ್ಣಗಿರೋವಾಗ್ಲೆ ಬಡುಸ್ತಿನಿ.

— ಕಾಯಿಲನ್ನ ಗ್ಯಾಸಲ್ಲಿ ಕತ್ತರಿಸಿ ಗಾಡಿ ಇಳಿಸೋರದ್ದೂ ಅದೇ ಕಥೆ. ಸುತ್ತು ಕಮ್ಮಿಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತೆ, ಕತ್ತರಿಸಿದ ತುದಿ ಸೀಟಿನಲ್ಲಿ ನೆಟ್ಟಗೆ ಕೂರಲ್ಲ. ದಪ್ಪದ ಆಟ ಹೇಳ್ತೀನಿ ಕೇಳಿ. ಕಾಯಿಲಿನ ತಂತಿ 12 ಮಿ.ಮೀ. ಇದ್ದದ್ದು 13 ಆದ್ರೆ, ಉಳಿದದ್ದೆಲ್ಲ ಹಾಗೇ ಇದ್ರೂ, ಗಡುಸು ನೂರಕ್ಕೆ 38ರಷ್ಟು ಏರುತ್ತೆ. ಪ್ಲೇಟು 6 ಇದ್ದದ್ದು 7 ಆದ್ರೆ ನೂರಕ್ಕೆ 59. ಅಂಗಡಿಯವನು ‘ಒಂದು ಮಿಲಿಮೀಟರ್ ತಾನೆ, ಹಾಕ್ಕೊಂಡು ಹೋಗಿ ಸಾರ್’ ಅಂದ್ರೆ ನಂಬಬಾರದು.

— ಅದು ನಂಗೂ ಗೊತ್ತಿರ್ಲಿಲ್ಲ. ಗಡುಸಾಯ್ತದ ಅಂತ ಗೊತ್ತಿತ್ತು, ಅರ್ಧಕ್ಕಿಂತ ಮ್ಯಾಲ ಅಂತ ಗೊತ್ತಿರ್ಲಿಲ್ಲ.

— ಅದಕ್ಕೇ ನನ್ನ ಆಸೆ ಪ್ಯಾರಾಬೋಲಿಕ್ ಪ್ಲೇಟು. ಎಂಟು ತೆಳು ಪ್ಲೇಟಿನ ಬದಲು ಎರಡೋ ಮೂರೋ ದಪ್ಪ ಪ್ಲೇಟು. ನಡುವೆ ದಪ್ಪ, ತುದಿಗೆ ಹೋಗ್ತಾ ತೆಳು. ಒತ್ತಡ ಉದ್ದಕ್ಕೂ ಸಮವಾಗಿ ಹಂಚಿಹೋಗುತ್ತೆ. ಒಂದಕ್ಕೊಂದು ತಾಗೋದು ನಡುವೆ ಮತ್ತು ತುದಿಯಲ್ಲಿ ಮಾತ್ರ. ಹಳೇ ಲ್ಯಾಂಡ್ ರೋವರ್ ಇಟ್ಟುಕೊಂಡಿರೋ ವಿದೇಶದವರು ಬಹಳ ಜನ ಅದಕ್ಕೇ ಬದಲಾಯಿಸಿಕೊಂಡಿದ್ದಾರೆ.

— ಉಜ್ಜದು ಕಮ್ಮಿಯಾದ್ರ ಸಣ್ಣ ಗುಂಡಿಲಿ ಮೆತ್ತಗಿರ್ತದ, ನಿಜ. ಈ ಹನೂರಿನ ದೂಳು ಪ್ಲೇಟಿನ ಮಧ್ಯ ಸೇರಿ ಕಚ್ಕತ್ತದಲ್ಲ, ಗಾಡಿ ನಿಂತ್ರ ಸ್ಪ್ರಿಂಗೇ ಅಲ್ಲಾಡಲ್ಲ. ಕೆಲವ್ರು ಗ್ರೀಸ್ ಬಳಿತಾರ. ಗ್ರೀಸಿಗ ದೂಳು ಮೆತ್ಕಂಡು ಅರ ಹಾಕ್ದಂಗ ಪ್ಲೇಟ ತಿಂತದ. ಆದ್ರ ಒಂದು ಮಾತು. ಉಜ್ಜದು ಇಲ್ದಿದ್ರ ಕುಣಿತ ನಿಲ್ಸೋರ್ ಯಾರು?

— ಶಾಕ್. ಈಗ ಬಂತು ನೋಡಿ ಅದರ ಸರದಿ.

— ಹ್ಞಾ, ಈಗ ಬಂತು. ತೊಟ್ಟಿಲ ತೂಗಿ ಬುಟ್ರ ಅದು ತಾನಾಗೇ ಆಡ್ತಾ ಇರ್ತದ, ಕೈ ಅಡ್ಡ ಇಟ್ರ ನಿಲ್ತದ. ಸ್ಪ್ರಿಂಗು ತೊಟ್ಲು, ಶಾಕು ಕೈ. ಶಾಕು ಭಾರ ಹೊರಲ್ಲ. ‘ಗಾಡಿ ಹಿಂದ ಕುಸ್ದದ, ಶಾಕ್ ಬದಲಾಯ್ಸಿ’ ಅಂತ ವಾರಕ್ಕೊಬ್ರು ಬತ್ತಾರ. ಕುಸುದ್ರ ಅದು ಸ್ಪ್ರಿಂಗಿನ ರೋಗ.

— ನಮ್ಮ ಲೆಕ್ಕದಲ್ಲಿ ಅದಕ್ಕೊಂದು ಅಳತೆ ಇದೆ. ಒಂದೇ ಒಂದು ಸಲವೂ ಹೆಚ್ಚಿಗೆ ಆಡದೆ ಗಾಡಿ ತನ್ನ ಜಾಗಕ್ಕೆ ಬಂದು ನಿಲ್ಲೋ ಅಷ್ಟು ಬಿಗಿಯನ್ನ 1 ಅಂತ ಇಟ್ಕೊಂಡ್ರೆ, ಊರಲ್ಲಿ ಓಡೋ ಕಾರುಗಳಲ್ಲಿ ಅದು 0.2ರಿಂದ 0.3. ಪೂರ್ತಿ ಬಿಗಿ ಮಾಡಿದ್ರೆ ಗುಂಡಿಯ ಏಟೆಲ್ಲ ನೇರ ಬಾಡಿಗೆ. ಇನ್ನೊಂದು ಗಮ್ಮತ್ತು, ತುಂಬಿದ ಗಾಡಿಗೆ 0.3 ಇರೋ ಶಾಕು, ಅದೇ ಗಾಡಿ ಖಾಲಿಯಾದಾಗ ತಾನಾಗೇ 0.4 ಆಗುತ್ತೆ. ಭಾರ ಇಳಿದಿದೆ, ಶಾಕ್ ಬದಲಾಗಿಲ್ಲ. ಖಾಲಿ ಜೀಪು ಗಡುಸು ಅನ್ನಿಸೋಕೆ ಸ್ಪ್ರಿಂಗ್ ಒಂದೇ ಕಾರಣ ಅಲ್ಲ.

— ಅಂದ್ರ ಆ ಎಂಟು ಹಂತದ್ದು ಬೇಕೇಬೇಕು ಅಂತೀಯ.

— ಖಾಲಿಗೊಂದು, ಭಾರಕ್ಕೊಂದು ತಿರುಗಿಸಬಹುದು ಅಂತ.

— ಎಷ್ಟು ದಿನ ತಿರುಗುಸ್ತಿಯಾ? ಮೊದಲ ತಿಂಗಳು ತಿರುಗುಸ್ತಿಯಾ. ಆಮ್ಯಾಲ ಕೆಸರು ಹಿಡ್ದು ಆ ತಿರುಪು ಜಾಮ್ ಆಯ್ತದ, ಯಾವ ಹಂತದಲ್ಲಿ ನಿಂತದ ಅಂತ ನಿಂಗೇ ಮರ್ತೋಯ್ತದ. ಎಡಗಡ ಮೂರು, ಬಲಗಡ ಆರು. ಅದ್ಕಿಂತ ಗಟ್ಟಿ ರಾಡಿಂದು, ದಪ್ಪ ಡಬ್ಬಿದು, ಗ್ಯಾಸ್ ತುಂಬಿದ್ದು ತಕ್ಕ. ಗೇಬ್ರಿಯಲ್‌ನವ್ರು 1961ರಿಂದ ಈ ದೇಶದಲ್ಲಿ ಶಾಕ್ ಮಾಡ್ತಾ ಅವ್ರ. ಹಾಳಾದ್ರ ಮತ್ತೊಂದು ಕೊಳ್ಳೇಗಾಲದಲ್ಲೋ ಮೈಸೂರಲ್ಲೋ ಸಿಗ್ಬೇಕು, ಅದೇ ನಂಗ ಮುಖ್ಯ.

— ಗ್ಯಾಸ್ ಯಾಕೆ ಅಂತ ಹೇಳ್ತೀರಾ?

— ನೀನೇ ಹೇಳು, ಓದಿದೋನು.

— ಪೊನ್ನಾಚಿ ದಾರಿಯಂಥ ಕೊರಕಲಲ್ಲಿ ರಾಡು ಒಂದೇ ಸಮ ಒಳಗೆ ಹೊರಗೆ ಆಡುತ್ತೆ. ಸಾದಾ ಶಾಕ್ ಒಳಗೆ ಎಣ್ಣೆಯ ಜೊತೆ ಗಾಳಿಯೂ ಇರುತ್ತೆ, ಎರಡೂ ಕಲೆತು ನೊರೆ ಆಗುತ್ತೆ. ನೊರೆಗೆ ತಡೆಯೋ ಶಕ್ತಿ ಇಲ್ಲ. ನೈಟ್ರೋಜನ್ ಒತ್ತಡದಲ್ಲಿ ತುಂಬಿಟ್ರೆ ಎಣ್ಣೆ ಸುಲಭಕ್ಕೆ ನೊರೆಯೇಳಲ್ಲ. ಕುಣಿತದ ಶಕ್ತಿಯನ್ನೆಲ್ಲ ಶಾಕು ಬಿಸಿಯಾಗಿ ಹೊರಗೆ ಹಾಕೋದು, ಅದಕ್ಕೆ ದಪ್ಪ ಡಬ್ಬಿ, ಜಾಸ್ತಿ ಎಣ್ಣೆ ಇದ್ದಷ್ಟೂ ಒಳ್ಳೇದು.

— ಅದೇ ನಮ್ಮ ಪರೀಕ್ಷ. ಕೆಟ್ಟ ದಾರಿಲಿ ಒಂದು ಗಂಟ ಓಡ್ಸಿ ನಿಲ್ಸಿ, ನಾಲ್ಕೂ ಶಾಕಿನ ಹತ್ರ ಕೈ ತಕ್ಕಂಡೋಗು, ಒಂದೇ ಸಲ ಹಿಡ್ದು ಸುಟ್ಕಬ್ಯಾಡ. ಮೂರು ಬಿಸಿ ಇದ್ದು ಒಂದು ತಣ್ಣಗಿದ್ರ ಆ ತಣ್ಣಗಿರದು ಸತ್ತದ. ಬಾನೆಟ್ ಒತ್ತಿ ಬುಟ್ಟು ನೋಡ್ತಾರಲ್ಲ, ಅದು ಪ್ಲೇಟಿನ ಗಾಡಿಲಿ ನಂಬಂಗಿಲ್ಲ. ಶಾಕ್ ಸತ್ರೂ ಪ್ಲೇಟಿನ ಉಜ್ಜು ಹಿಡ್ಕತ್ತದ.

— ಉದ್ದದ ವಿಷಯ ಬಿಟ್ಟೇಬಿಟ್ವಿ. ನಾನು ನೋಡಿದ ಶಾಕ್ ಪಟ್ಟಿಯಲ್ಲಿ ‘ಎರಡು ಇಂಚು ಎತ್ತರಿಸಿದ ಗಾಡಿಗೆ’ ಅಂತಿದೆ.

— ನೀನು ಎತ್ತರುಸ್ತಿದ್ದೀಯಾ?

— ಸ್ವಲ್ಪ... ಪ್ಲೇಟಿನ ತುದಿಯ ಶಕಲ್ ಉದ್ದ ಮಾಡಿಸಿದ್ರೆ ಆಗುತ್ತಲ್ಲ.

— ಆಯ್ತದ, ಆಮ್ಯಾಲ ಸ್ಟೇರಿಂಗು ನಿನ್ನ ಮಾತು ಕೇಳಲ್ಲ. ಒಂದು ಕಡ ಶಕಲ್ ಉದ್ದ ಆದ್ರ ಮುಂದಿನ ಆಕ್ಸಲ್ ಓರೆಯಾಗಿ ತಿರುಗ್ತದ, ಚಕ್ರ ತಾನಾಗೇ ನೆಟ್ಟಗಾಗೋ ಗುಣ ಹೋಯ್ತದ. ಗಾಡಿ ಅಲೀತದ. ಪ್ರೊಪೆಲ್ಲರ್ ಶಾಫ್ಟಿನ ಕೋನ ಬ್ಯಾರೆ ಕೆಡ್ತದ, ಕ್ರಾಸು ಕೂಗ್ತದ. ಹಾಸನೂರಿಂದ ಮುಂದಕ್ಕ ದಿಂಬಂ ಇಳ್ದು ನೋಡಿದ್ದೀಯಾ? ಇಪ್ಪತ್ತೇಳು ತಿರುವು. ಅಲ್ಲಿ ನೀರಿನ ಲಾರಿಗಿಂತ ಮೊದ್ಲು ಎತ್ತರಿಸಿದ ಜೀಪು ವಾಲ್ತದ.

— ಸರಿ ಮಾವ, ಕಂಪನಿ ಎತ್ತರವೇ ಇರಲಿ. ಹಾಗಾದ್ರೆ ಶಾಕಿನ ಉದ್ದ ಅಳೆಯೋದು ಹೇಗೆ ಅಂದ್ರೆ, ಶಾಕ್ ಬಿಚ್ಚಿ, ಆಕ್ಸಲ್ಲನ್ನ ಬಂಪ್ ಸ್ಟಾಪ್‌ಗೆ ತಾಗೋವರೆಗೆ ಎತ್ತಿ, ಮೇಲಿನ ಪಿನ್ನಿನಿಂದ ಕೆಳಗಿನ ಪಿನ್ನಿಗೆ ಒಂದು ಅಳತೆ. ಆಮೇಲೆ ಛಾಸಿ ಎತ್ತಿ ಚಕ್ರ ನೇತಾಡೋ ಹಾಗೆ ಬಿಟ್ಟು ಇನ್ನೊಂದು. ಪೂರ್ತಿ ಒತ್ತಿದ ಶಾಕು ಮೊದಲನೇ ಅಳತೆಗಿಂತ ಒಂದು ಇಂಚಾದ್ರೂ ಚಿಕ್ಕದಿರಬೇಕು, ಪೂರ್ತಿ ಎಳೆದದ್ದು ಎರಡನೇದಕ್ಕಿಂತ ಉದ್ದ ಇರಬೇಕು.

— ಇದು ಸರಿ ಹೇಳ್ದೆ. ಬಂಪ್ ಸ್ಟಾಪ್‌ಗಿಂತ ಮೊದ್ಲು ಶಾಕು ತಳ ಹೊಡುದ್ರ ಒಂದೇ ಗುಂಡಿಗ ರಾಡು ಬಗ್ತದ, ಇಲ್ಲಾ ಬ್ರಾಕೆಟ್ಟೇ ಕಿತ್ಕತ್ತದ. ಇನ್ನೊಂದು, ಗಾಡಿ ಕಟ್ತಿರೋ ನಿನ್ನ ಹುಡುಗ್ರು ಚಂದ ಕಾಣ್ಲಿ ಅಂತ ಶಾಕಿನ ಬ್ರಾಕೆಟ್ಟ ಶಾಕ್ ಮಲಗೋ ಹಂಗ ಹಾಕವ್ರ.

— ಅದು ತಪ್ಪೇ. ನೆಟ್ಟಗಿಂದ 30 ಡಿಗ್ರಿ ಓರೆ ಆದ್ರೆ ಅದರ ಕೆಲಸದಲ್ಲಿ ಕಾಲು ಭಾಗ ಹೋಯ್ತು. 45 ಡಿಗ್ರಿ ಆದ್ರೆ ಅರ್ಧಕ್ಕರ್ಧ. ಆಚೆ ಈಚೆ ಜಾಗ ನೋಡಿ ನೆಟ್ಟಗೆ ಮಾಡಿಸ್ತೀನಿ. ಮಾವ, ಮುಂದಿನ-ಹಿಂದಿನ ಸ್ಪ್ರಿಂಗಿನ ಸಂಬಂಧದ ಬಗ್ಗೆ ಒಂದು ಕಥೆ ಇದೆ. ಮಾರಿಸ್ ಆಲಿ ಅಂತ ಒಬ್ಬ ಎಂಜಿನಿಯರ್, ರೋಲ್ಸ್ ರಾಯ್ಸ್‌ನಲ್ಲಿದ್ದವನು. 1930ರ ಸುಮಾರಿಗೆ ಅಮೆರಿಕದಲ್ಲಿ ಕ್ಯಾಡಿಲಾಕ್‌ಗೆ ಬಂದ. ಒಂದು ದೊಡ್ಡ ಕಾರಿಗೆ ಹಿಂದೆ ಮುಂದೆ ಸರಿಸಬಹುದಾದ ತೂಕಗಳನ್ನ ಕಟ್ಟಿ, ಸ್ಪ್ರಿಂಗ್ ಬದಲಾಯಿಸಿ ಬದಲಾಯಿಸಿ ಓಡಿಸಿದ. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆತ್ತಗಿದ್ರೆ ಗಾಡಿ ಮೂತಿ ಎತ್ತಿ ಬಾಲ ಎತ್ತಿ ತೂಗಾಡೋದು ನಿಲ್ಲುತ್ತೆ ಅಂತ ಕಂಡ್ಕೊಂಡ. ಯಾಕಂದ್ರೆ ಹಂಪು ಮೊದಲು ಮುಂದಕ್ಕೆ ಸಿಗೋದು. ಹಿಂದಿನದು ತಡವಾಗಿ ಹೊರಟರೂ ಚುರುಕಾಗಿ ಆಡಿ ಮುಂದಿನದರ ಜೊತೆ ಸೇರ್ಕೊಳ್ಳುತ್ತೆ. ಆವರೆಗೆ ಕಾರುಗಳಲ್ಲಿ ಉಲ್ಟಾ ಇತ್ತು, ಮುಂದೆ ಗಡುಸು, ಹಿಂದೆ ಮೆತ್ತಗೆ.

— ಏನಿಟ್ಟು ಅಳ್ದ?

— ಆ ಗಾಡಿಯಲ್ಲಿ ಮೀಟರ್ ಗೀಟರ್ ಏನೂ ಇರಲಿಲ್ಲ. ಕೂತು, ಯಾವಾಗ ಹಾಯ್ ಅನ್ನಿಸುತ್ತೆ ಅಂತ ನೋಡಿದ.

— ಹಂಗಾರ ಅವ ನಮ್ಮ ಪೈಕಿನೇ. ಗುಂಬಳ್ಳಿ ಮ್ಯಾಲ ಬೆಟ್ಟದ ರಸ್ತಲಿ ಅದ್ನೇ ನೋಡ್ಬೇಕು ನೀನು. ಹಂಪಿಂದ ಹಂಪಿಗ ಗಾಡಿ ಒಟ್ಗೆ ಏರಿ ಒಟ್ಗೆ ಇಳೀತದಾ, ಇಲ್ಲಾ ಕುದ್ರ ಥರ ಹಿಂದ ಒದೀತದಾ ಅಂತ.

— ಮೂವತ್ತು ನಲವತ್ತರಲ್ಲಿ ಮಾತ್ರ. ಕಾಡಿನ ದಾರಿ.

— ಹ್ಞೂ, ಮೂವತ್ತರಲ್ಲೆ. ಆನೆಗ ನಿನ್ನ ಹರ್ಟ್ಜ್ ಗೊತ್ತಿಲ್ಲ.

— ಒಂದು ಪ್ರಶ್ನೆ ಉಳೀತು. ನಾನು ಲೆಕ್ಕ ಹಾಕಿ ಮಾಡಿಸಿದ ಪ್ಲೇಟು ನಿಜಕ್ಕೂ ಅಷ್ಟೇ ಗಡುಸಾಗಿದೆಯಾ ಅಂತ ಹೇಗೆ ತಿಳಿಯೋದು? ಸ್ಪ್ರಿಂಗ್ ಒತ್ತೋ ಮಿಷನ್ನು ಇಲ್ಲಿಲ್ಲ.

— ಸಿಮೆಂಟ್ ಮೂಟೆ ಇಲ್ವಾ? ಮೂಟೆಗ 50 ಕೆಜಿ, ಚೀಲದ ಮ್ಯಾಲೇ ಬರ್ದಿರ್ತದ. ಛಾಸಿಯಿಂದ ಆಕ್ಸಲ್‌ಗ ಎಷ್ಟು ಅಂತ ಮೊದ್ಲು ಅಳ್ಕ. ನೆಲದಿಂದ ಅಳೀಬ್ಯಾಡ, ಟೈರೂ ಕುಗ್ತದ. ಆಮ್ಯಾಲ ಹಿಂದಿನ ಆಕ್ಸಲ್ ನೇರಕ್ಕ ನಾಲ್ಕು ಮೂಟ ಇಡು. ಒಂದು ಕಡಗ 100 ಕೆಜಿ. 25 ಮಿ.ಮೀ. ಇಳುದ್ರ?

— ಮಿ.ಮೀ.ಗೆ 4 ಕೆಜಿ. ತುಂಬಿದ ಗಾಡಿಗೆ 1.6 ಅಂತ ನಾನು ಹೇಳಿದ ಲೆಕ್ಕಕ್ಕೆ ಬರೋದೂ ಅದೇ.

— ಇಟ್ಟಾಗ ಒಂದ್ಸಲ, ತಗುದಾಗ ಒಂದ್ಸಲ ನೋಡು. ಪ್ಲೇಟು ಉಜ್ಜೋದ್ರಿಂದ ಎಲ್ಡೂ ಒಂದೇ ಬರಲ್ಲ. ಗಾಡಿನ ನಾಲ್ಕು ಸಲ ಅಲ್ಲಾಡ್ಸಿ, ಎರಡರ ನಡುವಿಂದು ಹಿಡಿ. ಹೆಲ್ಪರ್ ಯಾವ ಮೂಟಗ ತಾಗ್ತು ಅಂತ್ಲೂ ಗುರ್ತು ಹಾಕ್ಕ.

— ಹಾಗಾದ್ರೆ ತೀರ್ಮಾನ ಮಾಡೋಣ. ಮುಂದೆ ಕಾಯಿಲ್ ಇಲ್ಲ, ಪ್ಲೇಟೇ.

— ಮುಂದ ಹೊಸ ಪ್ಲೇಟು, ನಿನ್ನ ಆ ಎಲ್ಡು-ಮೂರು ದಪ್ಪ ಪ್ಲೇಟಿನ ಸೆಟ್ಟು ಈ ಗಾಡಿ ಅಳತಗ ಸಿಕ್ಕುದ್ರ ಹಾಕು, ನಾನು ಬ್ಯಾಡ ಅನ್ನಲ್ಲ. ಸಿಗ್ದಿದ್ರ ಕಂಪನಿ ಥರದ್ದೇ, ಪ್ಲೇಟು ತೆಗಿಯಂಗಿಲ್ಲ. ಇನ್ಮ್ಯಾಲ ನಾನೂ ಸುಮ್ಸುಮ್ನ ತಗ್ದು ಕೊಡಲ್ಲ ಬುಡು, ಮೂರನೇ ಒಂದು ಭಾಗ ಒತ್ತಡ ಅಂದ್ಯಲ್ಲ. ಹಿಂದ ಮೆತ್ತನೆ ಕಟ್ಟು, ಕೆಳಗೊಂದು ಹೆಲ್ಪರು. ಎತ್ತರ ಕಂಪನಿದು. ಶಾಕು ಗ್ಯಾಸಿಂದು, ತಿರುಪು ಇಲ್ದಿರದು, ಉದ್ದ ಅಳ್ದು ತರದು.

— ಬಂಪರ್?

— ಬಿಚ್ಚಾಕು ಅಂದ್ನಲ್ಲ.

— ಸ್ಟೆಪ್ನಿ ಒಂದು ಇಳಿಸ್ತೀನಿ, ಬಂಪರ್ ಇರಲಿ ಮಾವ.

— ಇರ್ಲಿ ಅಂದ್ರ ಅದ ಹಾಕ್ಕಂಡೇ ವೇ ಬ್ರಿಡ್ಜಿಗ ಹೋಗು, ಚೀಟಿ ನೋಡಿ ನೀನೇ ಬಿಚ್ತಿಯಾ. ಸೋಮವಾರ ಎಲ್ಡೂ ಚೀಟಿ ತಕ್ಕಂಡು ಬಾ, ಪ್ಲೇಟಿಗ ಅವತ್ತೇ ಹೇಳಾವ. ಹೊಸ ಪ್ಲೇಟು ಹಾಕಿದ್ಮ್ಯಾಲ ಯು-ಬೋಲ್ಟು ಒಂದಷ್ಟು ಸಡ್ಲ ಆಗೇ ಆಯ್ತವ. ಹಂಗೇ ಓಡ್ಸುದ್ರ ಸೆಂಟರ್ ಬೋಲ್ಟು ಕತ್ತರಿಸ್ಕಂಡು ಆಕ್ಸಲ್ ಜರುಗ್ತದ. ಐನೂರು ಕಿಲೋಮೀಟರ್ ಆದ ಕೂಡ್ಲೆ, ಗಾಡಿ ಚೆನ್ನಾಗಿ ಓಡ್ತಾ ಇದ್ರೂ, ಬಂದು ಬಿಗಿ ಮಾಡ್ಸು.